ವೋಚರ್ ಇಲ್ಲದೆ ಎಂಟ್ರಿ ಇಲ್ಲ: ಗ್ರೀಕ್ ಕಲಿತ ನಮ್ಮ ರಾನಡೆ

ಹೋದ ತಿಂಗಳು ನಮ್ಮ ಮನಿ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜ್ ಫಾರ್ವರ್ಡ್ ಮಾಡಿದೆ: 'ಗ್ರೀಕರ ಜ್ಞಾನವೆಲ್ಲ ನಮ್ಮ ಉಪನಿಷತ್ತಿನಿಂದ ಕದ್ದಿದ್ದು.' ಕಾಕಾ ಒಂದೇ ಮಾತು ಕೇಳಿದ್ರು: "ಪುರಾವೆ ಎಲ್ಲೈತೋ?" ನನ್ನ ಹತ್ರ ಉತ್ತರ ಇರಲಿಲ್ಲ. ಹುಡುಕ್ತಾ ಹೋದಾಗ ಸಿಕ್ಕವರು ರಾಮಚಂದ್ರ ದತ್ತಾತ್ರೇಯ ರಾನಡೆ.

ಹುಬ್ಬಳ್ಳಿಯಿಂದ ಸೊಲ್ಲಾಪುರದ ರೈಲು ಹತ್ತಿದ್ರೆ ವಿಜಯಪುರ ದಾಟಿದ ಮೇಲೆ ನಿಂಬಾಳ ಬರ್ತದಲ್ಲ, ಅಲ್ಲಿಯ ಆಶ್ರಮದ ಗುರುದೇವ ರಾನಡೆ ಇವರೇ. ಹುಟ್ಟಿದ್ದು 1886ರಲ್ಲಿ, ಜಮಖಂಡಿಯಲ್ಲಿ. ಓದಿನ ನಡುವೆ ಆರೋಗ್ಯ ಪೂರ್ತಿ ಕೈಕೊಟ್ಟಿತು. ಎಂ.ಎ. ಮುಗಿಸಿದ್ದು 1914ರಲ್ಲಿ, 28ನೇ ವಯಸ್ಸಿಗೆ. 'ಗ್ಯಾಪ್ ಆಯ್ತು, ಲೈಫ್ ಮುಗೀತು' ಅನ್ನೋರು ಇದನ್ನ ನೆನಪಿಡ್ರಿ. ಆಮೇಲೆ ಪುಣೆಯ ಫರ್ಗ್ಯುಸನ್ ಕಾಲೇಜು, ಅಲ್ಲಿಂದ ಅಲಹಾಬಾದ್ ವಿಶ್ವವಿದ್ಯಾಲಯ. ಅಲ್ಲಿ ತತ್ತ್ವಶಾಸ್ತ್ರ ವಿಭಾಗದ ಮುಖ್ಯಸ್ಥರಾದರು, ಕುಲಪತಿಯೂ ಆದರು.

ಗ್ರೀಕ್ ಭಾಷೆಯನ್ನೇ ಕಲಿತು ಹೆರಾಕ್ಲಿಟಸ್, ಅರಿಸ್ಟಾಟಲ್ ಮೇಲೆ ಬರೆದರು. 1926ರಲ್ಲಿ ಉಪನಿಷತ್ತುಗಳ ಮೇಲೆ ಅವರ ದೊಡ್ಡ ಇಂಗ್ಲಿಷ್ ಪುಸ್ತಕ ಬಂತು. ಅದರಲ್ಲಿ ಎರಡೂ ಕಡೆಯ ಹೋಲಿಕೆಗಳನ್ನು ಪಕ್ಕಪಕ್ಕ ಇಡ್ತಾರೆ. ಛಾಂದೋಗ್ಯದಲ್ಲಿ ಸೃಷ್ಟಿಯ ಮೊದಲು ಒಂದು ತತ್ತಿ. ಅದು ಒಡೆದು ಬೆಳ್ಳಿ ಹೋಳು ಭೂಮಿ, ಬಂಗಾರದ ಹೋಳು ಆಕಾಶ ಆಗ್ತದೆ. ದೀಕ್ಷೆ, ಗುಟ್ಟಿನ ಆಚರಣೆಗಳಿದ್ದ ಗ್ರೀಸಿನ ಆರ್ಫಿಕ್ ಪಂಥದ ಕಥೆಯಲ್ಲೂ ತತ್ತಿ ಐತಿ. ಕಠೋಪನಿಷತ್ತಿನಲ್ಲಿ ದೇಹವೇ ರಥ, ಇಂದ್ರಿಯಗಳೇ ಕುದುರೆ. ಪ್ಲೇಟೊ ಹೇಳುವ ಆತ್ಮದ ರಥಕ್ಕೆ ಎರಡು ಕುದುರೆ: ಒಂದು ಸಾಧು, ಒಂದು ತಂಟೆಕೋರ.

ಹಂಗಾದ್ರ ಯಾರು ಯಾರದ್ದು ಕದ್ದರು? ರಾನಡೆ ಅಲ್ಲಿಗೆ ಜಿಗಿಯೋದಿಲ್ಲ. ಮೂರು ದಾರಿ ತೋರಿಸ್ತಾರೆ: ಒಬ್ಬರಿಂದ ಒಬ್ಬರು ಎರವಲು ತಗೊಂಡಿರಬಹುದು, ಇಬ್ಬರಿಗೂ ಮೂಲ ಒಂದೇ ಇರಬಹುದು, ಇಲ್ಲಾ, ಒಬ್ಬರಿಗೊಬ್ಬರು ಗೊತ್ತಿಲ್ಲದೆ ಇಬ್ಬರಿಗೂ ಅದೇ ವಿಚಾರ ಹೊಳೆದಿರಬಹುದು. ಹೋಲಿಕೆ ಕಂಡ ಮಾತ್ರಕ್ಕೆ ಎರವಲು ಸಾಬೀತಾಗೋದಿಲ್ಲ. ನಾನು ಬಿ.ಕಾಂ. ಓದಿದವ, ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ವೋಚರ್ ಇಲ್ಲದೆ ಲೆಡ್ಜರ್‌ನಲ್ಲಿ ಎಂಟ್ರಿ ಹಾಕಬಾರದು.

ಇಷ್ಟೆಲ್ಲ ಓದಿದ ಮನುಷ್ಯ ಕೊನೆಗೆ ಬಂದು ಕೂತದ್ದು ನಿಂಬಾಳದಲ್ಲಿ. 1957ರಲ್ಲಿ ತೀರಿಕೊಂಡದ್ದೂ ಅಲ್ಲೇ. ಕನ್ನಡ ಸಂತರ ವಚನ, ಪದಗಳ ಮೇಲೆ ಅವರು ಕೊಟ್ಟ ಉಪನ್ಯಾಸಗಳು ಪುಸ್ತಕವಾಗಿ ಬಂದದ್ದು 1960ರಲ್ಲಿ, ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಹೆಸರಿನಲ್ಲಿ. ಗ್ರೀಕ್ ಓದಿದ್ದರಿಂದ ಅವರಿಗೆ ಕನ್ನಡ ಸಣ್ಣದಾಗಲಿಲ್ಲ. ಕನ್ನಡವನ್ನು ದೊಡ್ಡದು ಮಾಡೋಕೆ ಗ್ರೀಕರನ್ನ ಕಳ್ಳರು ಅನ್ನೋ ಜರೂರೂ ಬೀಳಲಿಲ್ಲ.

ನಾನು ಗ್ರೂಪಿನಲ್ಲಿ ಬರೆದೆ: "ಕಾಕಾ, ಪುರಾವೆ ಇಲ್ಲ. ತಪ್ಪಾತು." ಕಾಕಾ ಒಂದು ಥಂಬ್ಸ್ ಅಪ್ ಹಾಕಿದ್ರು. ಈ ಎಪಿಸೋಡ್ ಇಷ್ಟ ಆದ್ರೆ ನಿಮ್ಮ ಮನಿ ಗ್ರೂಪಿಗೂ ಕಳಿಸ್ರಿ. ಆದ್ರೆ ಪೂರ್ತಿ ಕೇಳಿ ಆಮೇಲೆ ಕಳಿಸ್ರಿ! ಮತ್ತ ಸಿಗೋಣು.