ಸುಖದ ಬಾಳೂ ಸಾರ್ಥಕದ ಬಾಳೂ
(ಶ್ರೀಮಠದ ಸುವರ್ಣಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಸುಖವಾಗಿ ಬಾಳುವುದು ಬೇರೆ, ಸಾರ್ಥಕವಾಗಿ ಬಾಳುವುದು ಬೇರೆ ಎಂಬ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಅಪ್ಪಣೆಯಾಗಿರುವುದು. ಈ ವಿಷಯದಲ್ಲಿ ಶಾಸ್ತ್ರವಾಕ್ಯಗಳನ್ನು ಪೋಣಿಸುವುದು ನಮ್ಮಂಥವರಿಗೆ ಕಷ್ಟವಲ್ಲ. ಕೇಳುವವರಿಗೆ ನಿದ್ರೆ ಬರುವುದೂ ಕಷ್ಟವಲ್ಲ. ಆದುದರಿಂದ ಮಹನೀಯರೊಬ್ಬರ ಬಾಳನ್ನೇ ತಮ್ಮ ಮುಂದಿಡುವೆನು. ಅವರೇ ವಿಜಾಪುರದಲ್ಲಿ ವಕೀಲರಾಗಿದ್ದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು.

1880ರಲ್ಲಿ ಧಾರವಾಡದಲ್ಲಿ ಜನಿಸಿದ ಇವರು 1904ರಲ್ಲಿ ಕಾಯಿದೆಯ ಪರೀಕ್ಷೆಯಲ್ಲಿ ತೇರ್ಗಡೆಹೊಂದಿ, ಮುಂದೆ ವಿಜಾಪುರದಲ್ಲಿ ಸರಕಾರಿ ವಕೀಲರ ಪದವಿಗೂ ಏರಿದರು. ಅವರು ಅಲ್ಲಿಗೇ ನಿಂತು ಮನೆಮಠ ಕಟ್ಟಿಕೊಂಡು ಸುಖವಾಗಿದ್ದರೆ ಯಾರೂ ದೂಷಿಸುತ್ತಿರಲಿಲ್ಲ. ಈ ಮಾತನ್ನು ವಿದ್ಯಾರ್ಥಿಗಳು ಗಮನಿಸತಕ್ಕದ್ದು. ಸುಲಭದ ದಾರಿಯು ಪಾಪದ ದಾರಿಯಾಗಿದ್ದರೆ ಅದನ್ನು ಬಿಡುವುದು ದೊಡ್ಡ ಮಾತಲ್ಲ. ಅದು ಧರ್ಮಕ್ಕೆ ಒಪ್ಪುವುದಾಗಿಯೂ ಲೋಕಕ್ಕೆ ಮೆಚ್ಚಿಗೆಯಾಗಿಯೂ ಇರುವಾಗ ಬಿಡುವುದೇ ಕಠಿನವು.

ಅವರು ಮಾಡಿದುದೇನು? ಮಠಗಳಲ್ಲಿಯೂ ಮನೆಗಳ ಅಟ್ಟಗಳಲ್ಲಿಯೂ ಬಿದ್ದಿದ್ದ ವಚನಗಳ ಓಲೆಕಟ್ಟುಗಳನ್ನು ಹುಡುಕಿ, ಓದಿ, ಪ್ರತಿಮಾಡಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವನ್ನು ಪ್ರಕಟಿಸಿದರು. ಈ ಒಂದು ವಾಕ್ಯದೊಳಗಿನ ಶ್ರಮವನ್ನು ಓಲೆಯನ್ನು ಕೈಯಲ್ಲಿ ಹಿಡಿದವರೇ ಬಲ್ಲರು. ಕಂಠದಿಂದ ಕೊರೆದ ಅಕ್ಷರಗಳು ಮಸಿ ತೀಡಿದ ಹೊರತು ಕಣ್ಣಿಗೆ ತೋರವು. ಪದಪದಗಳ ನಡುವೆ ತೆರಪಿಲ್ಲ. ಎಕಾರ ಏಕಾರಗಳಿಗಾಗಲಿ ಒಕಾರ ಓಕಾರಗಳಿಗಾಗಲಿ ಭೇದವನ್ನು ತೋರಿಸುವ ವಾಡಿಕೆಯಿಲ್ಲ. ಬರೆದುದು ‘ಕೊಡು’ ಎಂದೋ ‘ಕೋಡು’ ಎಂದೋ ಸಂದರ್ಭದಿಂದಲೇ ತಿಳಿಯಬೇಕು. ನಡುವೆ ಹುಳು ಕೊರೆದ ರಂಧ್ರಗಳು; ಮೇಲೆ ಲಿಪಿಕಾರನ ನಿದ್ದೆಗಣ್ಣಿನ ತಪ್ಪುಗಳು. ಒಂದೇ ಕಟ್ಟಿನಲ್ಲಿ ಹಲವು ಶರಣರ ವಚನಗಳು ಬೆರೆತಿರುವಾಗ ಕೂಡಲಸಂಗಮದೇವ, ಗುಹೇಶ್ವರ, ಚೆನ್ನಮಲ್ಲಿಕಾರ್ಜುನ ಎಂಬ ಅಂಕಿತಗಳನ್ನು ಹಿಡಿದೇ ಇದು ಬಸವಣ್ಣನವರದು, ಇದು ಅಲ್ಲಮಪ್ರಭುಗಳದು, ಇದು ಅಕ್ಕನದು ಎಂದು ವಿಂಗಡಿಸಬೇಕು. ಅಂಕಿತವಿದ್ದ ತುದಿಯೇ ಮುರಿದುಹೋಗಿದ್ದರೆ ಮತ್ತೊಂದು ಊರಿನ ಮತ್ತೊಂದು ಪ್ರತಿಗಾಗಿ ಅಲೆಯಬೇಕು. ಗದ್ದುಗೆಯೂ ಇಲ್ಲದ, ಗಳಿಕೆಯೂ ಇಲ್ಲದ ಕೆಲಸವಿದು.

ಅಚ್ಚಿನ ತೊಡಕು ನೀಗಲೆಂದು ಮನೆಯನ್ನು ಮಾರಿ 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಹೂಡಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯು ಹೊರಟಿತು. ಅದೇ ವರ್ಷ ಬಳ್ಳಾರಿಯ ಸಾಹಿತ್ಯಸಮ್ಮೇಳನದ ಅಧ್ಯಕ್ಷತೆಯೂ ಬಂದಿತು. ಗೌರವ ಬಂದಿತು, ಹಣ ಬರಲಿಲ್ಲ. ಬಾಡಿಗೆಯ ಮನೆಯಲ್ಲಿಯೇ ಬಾಳಿ 1964ರಲ್ಲಿ ಲಿಂಗೈಕ್ಯರಾದರು.

ಇದನ್ನು ತ್ಯಾಗವೆಂದು ಹೊಗಳಿ ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ಮನೆ ಮಾರಿದಾಗ ಆ ಮನೆಯಲ್ಲಿದ್ದವರೆಲ್ಲರೂ ಭಾರ ಹೊತ್ತರು. ಗ್ರಂಥದ ಮುಖಪುಟದಲ್ಲಿ ಅವರ ಹೆಸರಿಲ್ಲ. ಸಾರ್ಥಕದ ದಾರಿ ಹಿಡಿಯುವವನು ಮನೆಯವರನ್ನು ಕೇಳಿ ಹಿಡಿಯುವುದು ಲೇಸು. ಅವರ ಪಾಠಗಳನ್ನು ಮುಂದಿನ ವಿದ್ವಾಂಸರು ತಿದ್ದಿದರೆಂದು ಕೆಲವರು ಮೂಗು ಮುರಿಯುವುದೂ ಉಂಟು. ನಿಜವೇ. ಆದರೆ ಮಣ್ಣಾಗಿ ಹೋದ ಓಲೆಯನ್ನು ತಿದ್ದುವವರು ಯಾರು?

ಈ ಪಾಠಶಾಲೆಯಲ್ಲಿ ಈಗ ಓಲೆಯನ್ನು ತಡವರಿಸದೆ ಓದಬಲ್ಲವರು ಮೂವರು. ಮೂವರೂ ಐವತ್ತು ದಾಟಿದವರು. ಬುದ್ಧಿಯುಳ್ಳ ಹುಡುಗರು ಪಟ್ಟಣದ ಸಂಬಳಕ್ಕೆ ಹೋಗುವರು. ತಂದೆತಾಯಿಗಳು ಅದನ್ನೇ ಬಯಸುವರು. ಅವರನ್ನು ನಾನು ಬೈಯಲಾರೆ. ಹಳಕಟ್ಟಿಯವರೂ ಸಂಬಳದ ಕೆಲಸವನ್ನು ಮೊದಲ ದಿನವೇ ಬಿಡಲಿಲ್ಲ; ಕೋರ್ಟಿನ ಕೆಲಸದ ಬಿಡುವಿನಲ್ಲಿಯೇ ಓಲೆ ಹಿಡಿದರು. ದಿನಕ್ಕೆ ಒಂದು ಗಂಟೆ ಕೊಡುವ ಇಬ್ಬರು ಸಿಕ್ಕಿದರೆ ಎರಡು ವರ್ಷಗಳಲ್ಲಿ ಓದು ಕಲಿಸಿಕೊಡುವೆನು.

ತಮ್ಮ ಮನೆಗಳ ಅಟ್ಟದಲ್ಲಿ ಕಟ್ಟುಗಳಿದ್ದರೆ ತೊಳೆಯಬೇಡಿರಿ, ದಾರ ಬಿಚ್ಚಬೇಡಿರಿ, ಪೂಜೆಯ ಕುಂಕುಮ ಹಚ್ಚಬೇಡಿರಿ. ಒಣಬಟ್ಟೆಯಲ್ಲಿ ಸುತ್ತಿ ತನ್ನಿರಿ. ಛಾಯಾಚಿತ್ರ ತೆಗೆದುಕೊಂಡು ಕಟ್ಟನ್ನು ತಮಗೇ ಮರಳಿಸಲಾಗುವುದು. ಮಧ್ಯಾಹ್ನ ಮೂರು ಗಂಟೆಯ ಮೇಲೆ ನಾನು ಗ್ರಂಥಭಂಡಾರದಲ್ಲಿಯೇ ಇರುವೆನು.