ಬಿತ್ತದೆ ಹೋದ ಹೊಲದ ಲೆಕ್ಕ



ಅರ್ಥಶಾಸ್ತ್ರ ಅಧ್ಯಾಪಕರ ಸಮಾವೇಶದ ಅಧ್ಯಕ್ಷನಾದವನು ರಾಜ್ಯದ ಬಜೆಟ್ಟನ್ನೋ ಜಿಎಸ್‌ಟಿಯನ್ನೋ ಹಿಡಿದು ಮಾತಾಡುವುದು ರೂಢಿ. ಸುಡಾನಿನ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂಚಾಲಕರು ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಾದರು. ಆದರೆ ಕಲಬುರಗಿಯಲ್ಲಿ ನಿಂತು ಆ ದೇಶದ ಮಾತೆತ್ತುವುದಕ್ಕೆ ಕಾರಣವಿದೆ. ಮಧ್ಯಾಹ್ನ ನಾವು ಉಣ್ಣಲಿರುವ ರೊಟ್ಟಿಯ ಜೋಳ ಬೇಸಾಯಕ್ಕೆ ಒಗ್ಗಿದ್ದೇ ಆ ಸೀಮೆಯಲ್ಲಿ. ಪೂರ್ವ ಸುಡಾನಿನ ಕಸ್ಸಲಾ ಕಡೆ ಸಿಕ್ಕ ಐದು ಸಾವಿರ ವರ್ಷ ಹಳೆಯ ಮಡಕೆ ಚೂರುಗಳಲ್ಲಿ ಜೋಳದ ಹೊಟ್ಟಿನ ಅಚ್ಚು ಇದೆ. ಇಂದಿಗೂ ಅಲ್ಲಿನ ಬಡವರ ಊಟ ಜೋಳದ ಹಿಟ್ಟಿನದೇ. ಆ ಜೋಳ ಬೆಳೆಯುವವರಲ್ಲಿ ಎಷ್ಟೋ ಮಂದಿ ಯುದ್ಧದಿಂದಾಗಿ ಗುಡಾರ ಸೇರಿದರು.

2023ರ ಏಪ್ರಿಲ್ 15ರಂದು ಖಾರ್ಟೂಮಿನಲ್ಲಿ ಗುಂಡಿನ ಸದ್ದು ಶುರುವಾಯಿತು. ಒಂದು ಕಡೆ ಜನರಲ್ ಬುರ್ಹಾನ್ ಅವರ ಸೇನೆ, ಇನ್ನೊಂದು ಕಡೆ ಹೆಮೆತಿ ಎಂದು ಕರೆಸಿಕೊಳ್ಳುವ ಮೊಹಮದ್ ಹಮ್ದಾನ್ ದಗಾಲೊ ಅವರ ಅರೆಸೇನಾ ಪಡೆ ಆರ್‌ಎಸ್‌ಎಫ್. 2021ರಲ್ಲಿ ಜೊತೆಗೂಡಿ ಅಧಿಕಾರ ಕಿತ್ತುಕೊಂಡ ಇಬ್ಬರೂ ಅದನ್ನು ಹಂಚಿಕೊಳ್ಳಲಾಗದೆ ಬಡಿದಾಡಿದರು. ಎರಡು ವರ್ಷ ಕಳೆಯುವ ಹೊತ್ತಿಗೆ ಮನೆ ಬಿಟ್ಟವರು ಒಂದು ಕೋಟಿ ಇಪ್ಪತ್ತು ಲಕ್ಷ ದಾಟಿದ್ದರು. ಇಷ್ಟು ಪತ್ರಿಕೆಗಳಲ್ಲೂ ಬಂದಿದೆ. ಬಾರದೆ ಹೋದದ್ದು ಹೊಲದ ಕಥೆ.

ನೀಲಿ ನೈಲ್ ಮತ್ತು ಬಿಳಿ ನೈಲ್ ನದಿಗಳ ನಡುವೆ ಗೆಜೀರಾ ಎಂಬ ನೀರಾವರಿ ಸೀಮೆ ಇದೆ. ಬ್ರಿಟಿಷರು ತಮ್ಮ ಗಿರಣಿಗಳ ಹತ್ತಿಗಾಗಿ 1925ರಲ್ಲಿ ಸೆನ್ನಾರ್ ಅಣೆಕಟ್ಟು ಕಟ್ಟಿ ನೀರು ಹರಿಸಿದ್ದು. ಸುಮಾರು ಇಪ್ಪತ್ತೆರಡು ಲಕ್ಷ ಎಕರೆ, ಎಲ್ಲವೂ ಎರೆಮಣ್ಣು. ಪಂಪಿನ ಹಂಗಿಲ್ಲದೆ ಇಳಿಜಾರಿನಲ್ಲೇ ಹರಿಯುವ ಕಾಲುವೆಗಳು. ತುಂಗಭದ್ರಾ ಎಡದಂಡೆಯ ಕೊನೆಭಾಗದ ರೈತರ ಗೋಳು ಕೇಳಿದವರಿಗೆ ಗೆಜೀರಾ ಬೇಗ ಅರ್ಥವಾಗುತ್ತದೆ. ವರ್ಷಾವರ್ಷ ಹೂಳು ತೆಗೆಯದಿದ್ದರೆ ಅಲ್ಲಿ ನೀರು ಮುಂದಕ್ಕೆ ಹೋಗುವುದಿಲ್ಲ. ಹೂಳು ತೆಗೆಯಲು ಯಂತ್ರ ಬೇಕು, ಯಂತ್ರಕ್ಕೆ ಡೀಸೆಲ್ ಬೇಕು, ಬೀಜ ಗೊಬ್ಬರಕ್ಕೆ ಬ್ಯಾಂಕಿನ ಸಾಲ ಬೇಕು.

2023ರ ಜೂನ್ ಹೊತ್ತಿಗೆ ಗೆಜೀರಾದ ಹೊಲಗಳಿಗೆ ಸೈನಿಕರು ಇನ್ನೂ ನುಗ್ಗಿರಲಿಲ್ಲ. ಆದರೆ ಖಾರ್ಟೂಮಿನಲ್ಲಿ ಬ್ಯಾಂಕುಗಳ ವ್ಯವಹಾರವೇ ನಿಂತುಹೋಗಿತ್ತು, ಡೀಸೆಲ್ ದುರ್ಲಭವಾಗಿತ್ತು. ಅಂದರೆ ಸೈನಿಕನಿಗಿಂತ ಆರು ತಿಂಗಳು ಮುಂಚೆಯೇ ಯುದ್ಧ ಹೊಲಕ್ಕೆ ಬಂದಿತ್ತು. ಇದರ ಮೇಲೆ, ರಾಜಧಾನಿಯಿಂದ ಓಡಿಬಂದ ಸುಮಾರು ಐದು ಲಕ್ಷ ಜನ ಇದೇ ಸೀಮೆಯ ಶಾಲೆಗಳಲ್ಲಿ, ನೆಂಟರ ಮನೆಗಳಲ್ಲಿ ಆಶ್ರಯ ಪಡೆದಿದ್ದರು. ಡಿಸೆಂಬರಿನಲ್ಲಿ, ಸುಗ್ಗಿಯ ಕಾಲಕ್ಕೆ ಸರಿಯಾಗಿ, ಆರ್‌ಎಸ್‌ಎಫ್ ಗೆಜೀರಾದ ವದ್ ಮದನಿ ಪಟ್ಟಣಕ್ಕೆ ನುಗ್ಗಿತು. ಒಮ್ಮೆ ಓಡಿಬಂದವರು ಮತ್ತೆ ಗಂಟು ಕಟ್ಟಿದರು. ವಿಶ್ವ ಆಹಾರ ಕಾರ್ಯಕ್ರಮದ ಗೋದಾಮು ಲೂಟಿಯಾಯಿತು. ಅಲ್ಲಿದ್ದದ್ದು ಹದಿನೈದು ಲಕ್ಷ ಜನರ ಒಂದು ತಿಂಗಳ ಆಹಾರ. ಅದೇ ಊರಿನಲ್ಲಿದ್ದ ದೇಶದ ಬೀಜಸಂಗ್ರಹವೂ ಹಾಳಾಯಿತು. ಆ ವರ್ಷದ ಧಾನ್ಯದ ಒಟ್ಟು ಉತ್ಪಾದನೆ ಹಿಂದಿನ ವರ್ಷಕ್ಕಿಂತ ಶೇ. 46ರಷ್ಟು ಕಡಿಮೆ ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಎಫ್‌ಎಒ ಲೆಕ್ಕ ಹಾಕಿತು. ಮುಖ್ಯ ಕಾರಣ ಸಂಘರ್ಷ ಎಂದೂ ಹೇಳಿತು.

ನಾನು ಹೇಳಬೇಕಾದ ಮಾತು ಇಲ್ಲಿದೆ. ಯುದ್ಧದ ಹಾನಿಯನ್ನು ನಾವು ಹೆಣದ ಲೆಕ್ಕದಲ್ಲಿ, ಗುಡಾರದ ಲೆಕ್ಕದಲ್ಲಿ, ಟನ್ನಿನ ಲೆಕ್ಕದಲ್ಲಿ ಅಳೆಯುತ್ತೇವೆ. ತಪ್ಪಿಹೋದ ಬಿತ್ತನೆಗೆ ಕಾಲಂ ಇಲ್ಲ. ನೆರವು ಕೊಡುವವರ ಪಂಚಾಂಗಕ್ಕೂ ಮಳೆ ನಕ್ಷತ್ರಕ್ಕೂ ಸಂಬಂಧವೇ ಇಲ್ಲ. ಮೇ ತಿಂಗಳಲ್ಲಿ ಒಂದು ಚೀಲ ಬೀಜ ತಲುಪಿದ್ದರೆ ಸಾಕಾಗುತ್ತಿದ್ದ ಮನೆಗೆ ಮುಂದೆ ವರ್ಷಪೂರ್ತಿ ಹಿಟ್ಟು ಹೊರಬೇಕಾಗುತ್ತದೆ. ಅಷ್ಟು ಹಿಟ್ಟು ಹೊರುವವರು ಯಾರೂ ಇಲ್ಲ.

ಗಡಿಯ ಕಥೆಯೂ ಹೀಗೆಯೇ. ಚಾಡ್ ದೇಶದ ಅದ್ರೆ ಎಂಬ ಊರಿನ ಮೂಲಕ ಪಶ್ಚಿಮ ಸುಡಾನಿನ ದಾರ್ಫುರ ಸೀಮೆಗೆ ಆಹಾರದ ಲಾರಿಗಳು ಹೋಗುವ ದಾರಿಯನ್ನು 2024ರ ಫೆಬ್ರವರಿಯಲ್ಲಿ ಸೇನಾ ಸರ್ಕಾರ ಮುಚ್ಚಿಸಿತು. ಆಗಸ್ಟ್ ಆರಂಭದಲ್ಲಿ ದಾರ್ಫುರದ ಝಮ್‌ಝಮ್ ಶಿಬಿರದಲ್ಲಿ ಕ್ಷಾಮವಿದೆ ಎಂದು ಅಧಿಕೃತವಾಗಿ ಸಾರಲಾಯಿತು. ಆ ತಿಂಗಳ ನಡುವೆ ದಾರಿ ತೆರೆದಾಗ ಮಳೆ ಹಿಡಿದು ಹಳ್ಳಗಳು ತುಂಬಿ ಲಾರಿಗಳು ಕೆಸರಿನಲ್ಲಿ ಹೂತವು. ಅಲ್ಲಿನ ಎಲ್ ಫಾಶೆರ್ ಪಟ್ಟಣವನ್ನಂತೂ ಆರ್‌ಎಸ್‌ಎಫ್ 2024ರ ಮೇ ತಿಂಗಳಿಂದ ಮುತ್ತಿಗೆ ಹಾಕಿ, 2025ರ ಅಕ್ಟೋಬರಿನಲ್ಲಿ ವಶಪಡಿಸಿಕೊಂಡಿತು. ಆ ಮುತ್ತಿಗೆಯಲ್ಲಿ ಜನ ತಿಂದದ್ದು ಅಂಬಾಜ್. ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯುವ ಶೇಂಗಾ ಹಿಂಡಿ. ಈ ಜಿಲ್ಲೆಯಲ್ಲಿ ಅದನ್ನು ಯಾರಿಗೆ ಇಡುತ್ತಾರೆ ಎಂದು ನಾನು ಹೇಳಬೇಕಿಲ್ಲ. ನೀರಿನಲ್ಲಿ ನೆನೆಸಿ, ಕಲಸಿ, ಮಕ್ಕಳಿಗೆ ತಿನ್ನಿಸಿದರು. ಕೊನೆಗೆ ಅದೂ ತೀರಿತು. ಕ್ಷಾಮ ಎಂದರೆ ಆಹಾರವಿಲ್ಲದಿರುವುದಕ್ಕಿಂತ ಆಹಾರದ ಮೇಲೆ ಜನರಿಗೆ ಹಕ್ಕು ತಪ್ಪುವುದು ಎಂದು ಅಮರ್ತ್ಯ ಸೇನ್ 1981ರಲ್ಲೇ ವಾದಿಸಿದ್ದರು. ನಾವು ಪ್ರತಿವರ್ಷ ಬೋರ್ಡಿನ ಮೇಲೆ ಬರೆಯುತ್ತೇವೆ. ಆ ಹಕ್ಕನ್ನು ಬಂದೂಕಿನಿಂದ ತಡೆಹಿಡಿಯುವ ಅಧ್ಯಾಯ ನಮ್ಮ ಸಿಲೆಬಸ್ಸಿನಲ್ಲಿ ಇನ್ನೂ ಸೇರಿಲ್ಲ.

ಇಷ್ಟಾದರೂ ಉಂಡವರು ಉಂಡದ್ದು ಹೇಗೆ? ಬೀದಿ ಬೀದಿಯ ಹುಡುಗರು, ಹೆಂಗಸರು ಸೇರಿ ತುರ್ತು ಸ್ಪಂದನಾ ಕೊಠಡಿಗಳೆಂಬ ಗುಂಪು ಕಟ್ಟಿಕೊಂಡರು. ತಕಾಯಾ ಎಂಬ ಸಾಮೂಹಿಕ ಅಡುಗೆಮನೆಗಳಲ್ಲಿ ಸೌದೆ ಒಲೆಯ ಮೇಲೆ ಹಂಡೆ ಇಟ್ಟು ಬೇಳೆಯನ್ನೋ ಅವರೆಯಂಥ ಫೂಲ್ ಕಾಳನ್ನೋ ಬೇಯಿಸಿದರು. ಎದುರಿಗೆ ಪ್ಲಾಸ್ಟಿಕ್ ಬಕೆಟ್ ಹಿಡಿದ ಮಕ್ಕಳ ಸಾಲು. ವಿದೇಶಿ ನೆರವಿನ ಜೊತೆಗೆ ದುಡ್ಡು ಬರುತ್ತಿದ್ದದ್ದು ಕೊಲ್ಲಿ ದೇಶಗಳಲ್ಲಿ ದುಡಿಯುವ ಸುಡಾನಿಗಳಿಂದ, ಮೊಬೈಲ್ ಆಪ್ ಮೂಲಕ. ಅದನ್ನು ನೋಟಾಗಿಸಲು ದಲ್ಲಾಳಿ ಕಮಿಷನ್ ಬೇರೆ. ಅಂತರರಾಷ್ಟ್ರೀಯ ಸಂಸ್ಥೆಗಳು ಕಾಲಿಡಲಾಗದ ಕಡೆ ಕೆಲಸ ಮಾಡಿದವರು ಇವರು. 2025ರಲ್ಲಿ ಇವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಅದೇ ವರ್ಷದ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವನ್ನು ತಡೆಹಿಡಿದಾಗ ಇವರ ನೂರಾರು ಒಲೆಗಳು ಆರಿದ್ದವು. ವಿಶ್ವಸಂಸ್ಥೆ ಆ ವರ್ಷ ಸುಡಾನಿಗೆಂದು ಕೇಳಿದ್ದು 420 ಕೋಟಿ ಡಾಲರ್. ಕೈಸೇರಿದ್ದು ಅರ್ಧಕ್ಕಿಂತ ಕಡಿಮೆ. ನನ್ನ ಅಭಿಪ್ರಾಯ ಕೇಳಿದರೆ, ಬಂದ ದುಡ್ಡನ್ನು ಮೊದಲು ಈ ಹಂಡೆಗಳಿಗೇ ಕೊಡಬೇಕು. ರಸೀದಿ ಸರಿಯಿಲ್ಲ ಎಂಬ ತಕರಾರು ಆಮೇಲೆ ನೋಡಿಕೊಳ್ಳಬಹುದು.

ಕೊನೆಗೆ ನಮ್ಮ ಮನೆಯ ಕೆಲಸ. ಯುದ್ಧ ಶುರುವಾದಾಗ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದ ಕೆಲವರು ಗಿಡಮೂಲಿಕೆ ಎಣ್ಣೆ, ಔಷಧಿ ಮಾರಲು ಹೋದವರು ಅಲ್ಲೇ ಸಿಕ್ಕಿಬಿದ್ದಿದ್ದರು. ಚುನಾವಣೆಯ ಕಾಲವಾದ್ದರಿಂದ ಅವರ ಹೆಸರಿನಲ್ಲಿ ಟ್ವಿಟರ್ ಜಗಳವೂ ಜೋರಾಗಿ ನಡೆಯಿತು. 'ಆಪರೇಷನ್ ಕಾವೇರಿ'ಯಲ್ಲಿ ಸರ್ಕಾರ 3,800ಕ್ಕೂ ಹೆಚ್ಚು ಭಾರತೀಯರನ್ನು ಕರೆತಂದಿತು, ಸುದ್ದಿ ಮುಗಿಯಿತು. ಆ ಹಕ್ಕಿಪಿಕ್ಕಿಗಳು ಹೋಗುವಾಗ ಸಾಲ ಮಾಡಿದ್ದರೇ, ಸರಕು ಏನಾಯಿತು, ಈಗ ಯಾವ ದೇಶಕ್ಕೆ ಹೋಗುತ್ತಿದ್ದಾರೆ? ವಲಸೆ, ಜೀವನೋಪಾಯ, ನೆರವು ಮೂರನ್ನೂ ಓದಲು ಎಂ.ಎ. ವಿದ್ಯಾರ್ಥಿಗಳು ಆಫ್ರಿಕಕ್ಕೆ ಹೋಗಬೇಕಿಲ್ಲ. ಹಕ್ಕಿಪಿಕ್ಕಿಗಳಿರುವ ಹುಣಸೂರಿನ ಕಡೆ ಹೋದರೆ ಸಾಕು. ಈ ವರ್ಷ ಒಂದು ತಂಡ ಹೊರಡಲಿ. ಬಸ್ ಚಾರ್ಜು, ಊಟದ ಖರ್ಚು ಸಂಘದ್ದೆಂದು ಖಜಾಂಚಿಯವರನ್ನು ಕೇಳದೆಯೇ ಘೋಷಿಸುತ್ತಿದ್ದೇನೆ. ಅವರು ಆಕ್ಷೇಪಣೆಯನ್ನು ಸಂಜೆಯ ಸರ್ವಸದಸ್ಯರ ಸಭೆಯಲ್ಲಿ ಎತ್ತಬಹುದು.