ಬಾಯಿಗೆ ಬಂದು ಸೇರುವ ಕ್ಯಾನ್ಸರ್

(ಸಂಘದ ಭಾನುವಾರದ ಆರೋಗ್ಯ ಸಭೆಯಲ್ಲಿ ದಂತವೈದ್ಯರೊಬ್ಬರು ಮಾಡಿದ ಭಾಷಣದ ಪಾಠ)



ಬಾಯಿಯ ಕ್ಯಾನ್ಸರಿನ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಸಂಘದ ಕಾರ್ಯದರ್ಶಿಗಳು ಕೇಳಿದಾಗ ನಾವು ಒಂದು ಕರಾರು ಹಾಕಿದೆವು: ತಂಬಾಕಿನ ಮೇಲೆ ಮಾತನಾಡುವುದಿಲ್ಲ ಎಂದು. ತಂಬಾಕಿನ ಕೇಡನ್ನು ಹೇಳುವವರು ಬೇಕಾದಷ್ಟು ಜನರಿದ್ದಾರೆ. ಅವರು ಹೇಳುವುದು ನಿಜವೂ ಹೌದು. ನಮ್ಮ ದೇಶದ ಗಂಡಸರಿಗೆ ತಗಲುವ ಕ್ಯಾನ್ಸರುಗಳಲ್ಲಿ ಬಾಯಿಯದು ಮುಂಚೂಣಿಯಲ್ಲಿದೆ. ತಂಬಾಕು ಬೆರೆಸದ ಬರಿಯ ಅಡಿಕೆಯೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಶಾಖೆಯು 2004ರಲ್ಲಿ ಪ್ರಕಟಿಸಿತು. ಅಡಿಕೆ ತೋಟದ ಸೀಮೆಯಿಂದ ಬಂದ ನಮ್ಮವರಿಗೆ ಇದು ರುಚಿಸುವ ಮಾತಲ್ಲ. ಅದನ್ನು ಇನ್ನೊಂದು ಭಾನುವಾರಕ್ಕೆ ಇಟ್ಟುಕೊಳ್ಳೋಣ.

ಇಂದು ನಾವು ಹೇಳಹೊರಟಿರುವುದು ಬಾಯಿಯಲ್ಲಿ ಹುಟ್ಟದೆ, ಬೇರೆಲ್ಲೋ ಹುಟ್ಟಿ ಬಾಯಿಗೆ ಬಂದು ಸೇರುವ ಕ್ಯಾನ್ಸರನ್ನು ಕುರಿತು. ಇದು ಅಪರೂಪ. ಬಾಯಿಯಲ್ಲಿ ಕಾಣುವ ಕ್ಯಾನ್ಸರು ನೂರಿದ್ದರೆ ಅವುಗಳಲ್ಲಿ ಸುಮಾರು ಒಂದು ಮಾತ್ರ ಇಂಥದು. ಅಷ್ಟು ಅಪರೂಪವಾದುದಕ್ಕೆ ಒಂದು ಭಾಷಣವೇಕೆ ಎಂದು ಕೇಳುವಿರಿ. ಕಾರಣವಿದೆ. ಈ ರೋಗಿಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ, ತಮ್ಮ ದೇಹದಲ್ಲಿ ಕ್ಯಾನ್ಸರ್ ಇದೆಯೆಂಬುದೇ ಅದುವರೆಗೆ ತಿಳಿದಿರುವುದಿಲ್ಲ. ಎದೆಯಲ್ಲೋ ಹೊಟ್ಟೆಯಲ್ಲೋ ಅಡಗಿರುವ ರೋಗದ ಮೊದಲ ಸುದ್ದಿಯನ್ನು ದವಡೆ ಹೇಳುತ್ತದೆ. ಆ ಸುದ್ದಿಯನ್ನು ಹಲ್ಲುನೋವೆಂದು ತಿಳಿದು ಲವಂಗದ ಎಣ್ಣೆ ಹಚ್ಚಿ ಸುಮ್ಮನಾದರೆ ತಿಂಗಳುಗಳು ಕಳೆದುಹೋಗುತ್ತವೆ.

ಎಲ್ಲಿಂದ ಬರುತ್ತದೆ? ಹೆಂಗಸರಲ್ಲಿ ಬಹುಮಟ್ಟಿಗೆ ಸ್ತನದಿಂದ. ಗಂಡಸರಲ್ಲಿ ಶ್ವಾಸಕೋಶದಿಂದ, ಆಮೇಲೆ ಮೂತ್ರಪಿಂಡ, ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ, ಯಕೃತ್ತು. ಥೈರಾಯಿಡ್ ಮತ್ತು ದೊಡ್ಡ ಕರುಳಿನಿಂದಲೂ ಬರುವುದುಂಟು.

ಹೇಗೆ ಬರುತ್ತದೆ ಎಂಬುದು ಸ್ವಾರಸ್ಯದ ಸಂಗತಿ. ಕ್ಯಾನ್ಸರಿನ ಗಂಟಿನಿಂದ ಜೀವಕೋಶಗಳು ಕಳಚಿ ರಕ್ತದ ಹರಿವಿಗೆ ಬೀಳುತ್ತವೆ. ಹಾಗಾದರೆ ರಕ್ತ ಹರಿಯುವ ಕಡೆಯಲ್ಲೆಲ್ಲ ಅವು ಸಮನಾಗಿ ಬೆಳೆಯಬೇಕಲ್ಲವೆ? ಬೆಳೆಯುವುದಿಲ್ಲ. ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪೇಜೆಟ್ 1889ರಲ್ಲಿ, ಸ್ತನದ ಕ್ಯಾನ್ಸರಿನಿಂದ ಸತ್ತ 735 ಹೆಂಗಸರ ದಾಖಲೆಗಳನ್ನು ತಾಳೆ ನೋಡಿದ. ಕೆಲವು ಅಂಗಗಳಲ್ಲಿ ರೋಗ ಮತ್ತೆ ಮತ್ತೆ ಕಾಣಿಸಿತು, ಕೆಲವು ಅಂಗಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಬೀಜ ಎಲ್ಲ ಕಡೆಗೂ ಹಾರುತ್ತದೆ, ಆದರೆ ಒಗ್ಗುವ ಮಣ್ಣಿನಲ್ಲಿ ಮಾತ್ರ ಮೊಳೆಯುತ್ತದೆ ಎಂದು ಅವನು ತೀರ್ಮಾನಿಸಿದ. ಒಕ್ಕಲುತನದ ಮನೆಯಿಂದ ಬಂದ ನಿಮಗೆ ಇದನ್ನು ನಾವು ವಿವರಿಸಬೇಕಾಗಿಲ್ಲ. ನೂರಮೂವತ್ತು ವರ್ಷ ಕಳೆದರೂ ಅವನ ಮಾತು ಇಂದಿಗೂ ಸಂಶೋಧಕರಿಗೆ ದಾರಿ ತೋರಿಸುತ್ತಿದೆ.

ಇನ್ನೊಂದು ಒಗಟು ಉಳಿದಿತ್ತು. ಪ್ರಾಸ್ಟೇಟಿನಿಂದ ಹೊರಟ ಬೀಜ ಮೊದಲು ಶ್ವಾಸಕೋಶದಲ್ಲಿ ಸೋಸಿಹೋಗಬೇಕು. ಶ್ವಾಸಕೋಶ ಸ್ವಚ್ಛವಾಗಿದ್ದೂ ತಲೆಯ ಎಲುಬಿನಲ್ಲಿ ರೋಗ ಕಾಣುವುದು ಹೇಗೆ? ಅಮೇರಿಕದ ಶರೀರರಚನಾ ಶಾಸ್ತ್ರಜ್ಞ ಬ್ಯಾಟ್ಸನ್ 1940ರಲ್ಲಿ ಉತ್ತರ ಕೊಟ್ಟ. ಬೆನ್ನುಹುರಿಯ ಉದ್ದಕ್ಕೂ ಕವಾಟವಿಲ್ಲದ ರಕ್ತನಾಳಗಳ ಬಲೆಯೊಂದಿದೆ. ಕೆಮ್ಮಿದಾಗ, ಭಾರ ಎತ್ತಿದಾಗ ಅಲ್ಲಿ ರಕ್ತ ಮೇಲಕ್ಕೂ ಹೋಗಬಲ್ಲದು, ಕೆಳಕ್ಕೂ ಹೋಗಬಲ್ಲದು. ಹೆದ್ದಾರಿಯ ನಾಕಾ ತಪ್ಪಿಸಿ ಒಳದಾರಿ ಹಿಡಿದ ಲಾರಿಯಂತೆ ರೋಗಬೀಜವು ಈ ದಾರಿಯಿಂದ ತಲೆಯ ಕಡೆಗೆ ಬರುತ್ತದೆ.

ದವಡೆಗೆ ಬಂದದ್ದು ಹೆಚ್ಚಾಗಿ ಕೆಳದವಡೆಯ ಹಿಂಭಾಗದಲ್ಲಿ, ಅಗಿಯುವ ದೊಡ್ಡ ಹಲ್ಲುಗಳ ಬುಡದಲ್ಲಿ ನೆಲೆಸುತ್ತದೆ. ದೊಡ್ಡವರ ದವಡೆಯಲ್ಲಿ ರಕ್ತ ಹುಟ್ಟಿಸುವ ಕೆಂಪು ಮಜ್ಜೆ ಉಳಿದಿರುವುದು ಅಲ್ಲಿಯೇ. ಅಲ್ಲಿ ರಕ್ತದ ಓಟ ನಿಧಾನ. ಬೀಜಕ್ಕೆ ತಂಗಲು ಅನುಕೂಲ. ಎಲುಬನ್ನು ಬಿಟ್ಟು ಮೃದುಭಾಗಕ್ಕೆ ಬಂದರೆ ವಸಡೇ ಅದರ ಮುಖ್ಯ ತಾಣ, ಆಮೇಲೆ ನಾಲಗೆ.

ಈಗ ಲಕ್ಷಣಗಳಿಗೆ ಬರೋಣ. ಇಲ್ಲಿ ತುಸು ಗಮನವಿಟ್ಟು ಕೇಳಿರಿ.

ಹೋಟೆಲಿನ ಭಟ್ಟಿಯ ಮುಂದೆ ಹತ್ತು ಗಂಟೆ ನಿಲ್ಲುವ ಒಬ್ಬ ಅಡಿಗೆಯವರನ್ನು ಊಹಿಸಿಕೊಳ್ಳಿ. ಒಂದು ದಿನ ಕ್ಷೌರ ಮಾಡಿಕೊಳ್ಳುವಾಗ ಗದ್ದದ ಒಂದು ಪಕ್ಕಕ್ಕೆ ಬ್ಲೇಡು ತಾಗಿದ್ದೇ ತಿಳಿಯುವುದಿಲ್ಲ. ಚಹಾ ಕುಡಿದರೆ ಕೆಳತುಟಿಯ ಅಂಚಿನಿಂದ ಸುರಿದದ್ದು ಗೊತ್ತಾಗುವುದಿಲ್ಲ. ನೋವಿಲ್ಲ, ಬಾವಿಲ್ಲ. ಹಲ್ಲಿನ ಡಾಕ್ಟರರು ಸೂಜಿ ಚುಚ್ಚಿದಾಗ ತುಟಿ ಜೋಮು ಹಿಡಿಯುತ್ತದಲ್ಲ, ಹಾಗೆ; ಆದರೆ ಇಲ್ಲಿ ಸೂಜಿ ಚುಚ್ಚಿದವರು ಯಾರೂ ಇಲ್ಲ. ಕೆಳದವಡೆಯ ಎಲುಬಿನೊಳಗೆ ಒಂದು ಕೊಳವೆಯಲ್ಲಿ ನರವೊಂದು ಹಾದು ಗದ್ದಕ್ಕೂ ಕೆಳತುಟಿಗೂ ಸ್ಪರ್ಶಜ್ಞಾನ ಕೊಡುತ್ತದೆ. ಒಳಗೆ ಬೆಳೆಯುವ ಗಂಟು ಆ ನರವನ್ನು ಒತ್ತಿದರೆ ಗದ್ದ ಮರಗಟ್ಟುತ್ತದೆ. ಹಲ್ಲಿನ ಕೀವು, ಪೆಟ್ಟು, ಬುದ್ಧಿಹಲ್ಲು ತೆಗೆಸಿದ್ದು ಇವುಗಳಿಂದಲೂ ಹೀಗಾಗಬಹುದು. ಅಂಥ ಕಾರಣವೊಂದೂ ಇಲ್ಲದೆ ಗದ್ದ ಮರಗಟ್ಟಿತೋ, ನಮ್ಮ ವೃತ್ತಿಯಲ್ಲಿ ಅದಕ್ಕಿಂತ ಎಚ್ಚರಿಕೆಯ ಗುರುತು ಕಡಿಮೆ. ನೋವಿಲ್ಲವೆಂಬುದೇ ಇದರ ಮೋಸ. ನಮ್ಮ ದುಡಿಯುವ ಜನ ನೋವಿಗಾದರೆ ಅರ್ಧ ದಿನದ ಪಗಾರ ಬಿಟ್ಟು ಬರುತ್ತಾರೆ. ಜೋಮಿಗೆ ಯಾರು ಬರುತ್ತಾರೆ?

ಮತ್ತೆ, ವಸಡಿನ ರೋಗವಿಲ್ಲದೆ ಒಂದೇ ಒಂದು ಹಲ್ಲು ಕೆಲವೇ ವಾರಗಳಲ್ಲಿ ಅಲುಗಾಡತೊಡಗುವುದು. ವಸಡಿನ ಮೇಲೆ ಕೆಂಪಗೆ, ಮುಟ್ಟಿದರೆ ರಕ್ತ ಸುರಿಸುವ ಗಂಟೊಂದು ಬೇಗಬೇಗನೆ ಬೆಳೆಯುವುದು. ಹಲ್ಲು ಕಿತ್ತ ಗುಳಿ ಮೂರು ವಾರವಾದರೂ ಮಾಯದೆ ಅದರೊಳಗಿಂದ ಮಾಂಸ ಉಬ್ಬಿ ಬರುವುದು. ಹಲ್ಲು ಕೀಳಿಸಿದ್ದರಿಂದಲೇ ಕ್ಯಾನ್ಸರ್ ಬಂತೆಂಬ ಮಾತು ಚಾಳುಗಳಲ್ಲಿ ಬಹಳ ಕೇಳಿಬರುತ್ತದೆ. ಸಾಮಾನ್ಯವಾಗಿ ನಡೆದಿರುವುದು ತಿರುಗುಮುರುಗು. ಗಂಟು ಮೊದಲೇ ಅಲ್ಲಿತ್ತು. ಹಲ್ಲು ನೋಯಿಸಿದ್ದೂ ಅದೇ, ಅಲುಗಾಡಿಸಿದ್ದೂ ಅದೇ. ಹಲ್ಲು ಹೋದ ಮೇಲೆ ಹೊರಬರಲು ಅದಕ್ಕೊಂದು ಬಾಗಿಲು ಸಿಕ್ಕಿತು, ಅಷ್ಟೆ.

ಅಕ್ಕತಂಗಿಯರಲ್ಲಿ ಒಂದು ಮಾತು. ಐದೋ ಹತ್ತೋ ವರ್ಷಗಳ ಹಿಂದೆ ಸ್ತನದ ಆಪರೇಶನ್ ಆದವರು ಹಲ್ಲಿನ ಡಾಕ್ಟರರ ಮುಂದೆ ಅದನ್ನು ಬಾಯಿಬಿಡುವುದಿಲ್ಲ. ಹಲ್ಲಿಗೂ ಅದಕ್ಕೂ ಏನು ಸಂಬಂಧವೆಂದು ಕೆಲವರು, ನಾಚಿಕೆಯಿಂದ ಕೆಲವರು, ಜೊತೆಗೆ ಬಂದ ನೆರೆಮನೆಯಾಕೆಗೆ ಗೊತ್ತಾದರೆ ಮಗಳ ಸಂಬಂಧ ತಪ್ಪೀತೆಂಬ ಅಂಜಿಕೆಯಿಂದ ಕೆಲವರು. ಸ್ತನದ ಕ್ಯಾನ್ಸರು ಹತ್ತು ವರ್ಷ ಸುಮ್ಮನಿದ್ದು ಎಲುಬಿನಲ್ಲಿ ತಲೆಯೆತ್ತುವುದುಂಟು. ಆ ಒಂದು ಮಾತು ತಿಳಿದರೆ ನಾವು ದವಡೆಯ ಎಕ್ಸ್-ರೇಯನ್ನು ನೋಡುವ ರೀತಿಯೇ ಬೇರೆಯಾಗುತ್ತದೆ. ನೆರೆಯಾಕೆಯನ್ನು ಹೊರಗೆ ಕೂಡಿಸಿರೆಂದು ನಮಗೆ ಹೇಳಿದರೆ ಸಾಕು, ಕೂಡಿಸುತ್ತೇವೆ.

ಹೇಳಲೇಬೇಕಾದುದಕ್ಕೆ ಇನ್ನೊಂದು ಕಾರಣವೂ ಇದೆ. ಎಲುಬಿಗೆ ಹರಡಿದ ಕ್ಯಾನ್ಸರಿಗೆ ಝೋಲೆಡ್ರಾನಿಕ್ ಆಸಿಡ್, ಡೆನೊಸುಮ್ಯಾಬ್ ಎಂಬ ಮದ್ದುಗಳನ್ನು ಚುಚ್ಚುತ್ತಾರೆ. ಎಲುಬು ಮುರಿಯದಂತೆ ಕಾಯುವ ಒಳ್ಳೆಯ ಮದ್ದುಗಳಿವು. ಆದರೆ ಇವನ್ನು ತೆಗೆದುಕೊಳ್ಳುತ್ತಿರುವವರ ಹಲ್ಲು ಕಿತ್ತರೆ ಕೆಲವರಲ್ಲಿ ಗಾಯ ಮಾಯದೆ ದವಡೆಯ ಎಲುಬೇ ಸತ್ತು ಹೊರಗೆ ಕಾಣುತ್ತದೆ. ಆದುದರಿಂದ ಸೂಜಿ ಆರಂಭವಾಗುವ ಮೊದಲೇ ಕೆಟ್ಟ ಹಲ್ಲುಗಳನ್ನು ಸರಿಮಾಡಿಸಿಕೊಳ್ಳಬೇಕು. ಸೂಜಿ ಶುರುವಾಗಿದ್ದರೆ, ಕೀಳಿಸುವ ಮುನ್ನ ಕ್ಯಾನ್ಸರ್ ಡಾಕ್ಟರರನ್ನು ಕೇಳಬೇಕು. ರಸ್ತೆಯ ಬದಿಗೆ ಕುಳಿತು ಹಲ್ಲು ಕೀಳುವವನ ಹತ್ತಿರವಂತೂ ಹೋಗಲೇಬಾರದು.

ಸಂಶಯ ಬಂದಾಗ ಮೊದಲು ಎಕ್ಸ್-ರೇ. ಅದರಲ್ಲಿ ಏನೂ ಕಾಣದಿದ್ದರೂ ಜೋಮು ಇದ್ದರೆ ನಾವು ಬಿಡುವುದಿಲ್ಲ. ಆರಂಭದಲ್ಲಿ ಎಕ್ಸ್-ರೇ ಕುರುಡು. ಆಮೇಲೆ ಒಂದು ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಚೂರು ತೆಗೆದರೆ ರೋಗ ಹಬ್ಬುತ್ತದೆಂಬ ಹೆದರಿಕೆಯನ್ನು ಬಿಡಿರಿ. ಆ ಚೂರಿಗೆ ವಿಶೇಷ ಬಣ್ಣಗಳನ್ನು ಹಾಕಿದರೆ ಅದು ಪ್ರಾಸ್ಟೇಟಿನ ಬೀಜವೋ ಥೈರಾಯಿಡಿನದೋ ಎಂಬುದು ಬಹಳಷ್ಟು ಸಲ ತಿಳಿದುಬರುತ್ತದೆ.

ಔಷಧದ ವಿಷಯದಲ್ಲಿ ನಾವು ಸುಳ್ಳು ಭರವಸೆ ಕೊಡಲಾರೆವು. ದವಡೆಗೆ ಬಂದಿದೆಯೆಂದರೆ ರೋಗ ದೇಹದಲ್ಲಿ ಹರಡಿದೆಯೆಂದೇ ಅರ್ಥ. ಅನೇಕರಿಗೆ ಉಳಿದಿರುವುದು ತಿಂಗಳುಗಳು. ಆದರೂ ಎಲ್ಲವೂ ಒಂದೇ ಅಲ್ಲ. ಸ್ತನ ಮತ್ತು ಪ್ರಾಸ್ಟೇಟಿನ ರೋಗವನ್ನು ಹಾರ್ಮೋನು ಚಿಕಿತ್ಸೆಯಿಂದ ಹಲವರಲ್ಲಿ ವರ್ಷಗಟ್ಟಲೆ ಹತೋಟಿಯಲ್ಲಿಡಬಹುದು. ಥೈರಾಯಿಡಿನ ಕೆಲವು ಬಗೆಗಳು ವಿಕಿರಣದ ಅಯೊಡಿನ್ನಿಗೆ ಬಗ್ಗುತ್ತವೆ. ಏನೂ ಮಾಡಲಾಗದೆಂಬ ಸ್ಥಿತಿಯಲ್ಲಿಯೂ ವಿಕಿರಣ ಕೊಟ್ಟು ದವಡೆಯ ನೋವನ್ನು ಇಳಿಸಬಹುದು. ನೋವಿಲ್ಲದೆ ಎರಡು ತುತ್ತು ಉಣ್ಣುವುದು ಸಣ್ಣ ಸಂಗತಿಯಲ್ಲ.

ಎಲ್ಲಿಗೆ ಹೋಗಬೇಕು? ಈ ಮುಂಬಯಿಯಲ್ಲಿ ಇರುವವರು ಆ ಮಟ್ಟಿಗೆ ಭಾಗ್ಯವಂತರು. ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆ 1941ರ ಫೆಬ್ರವರಿ 28ರಂದು ತೆರೆಯಿತು; 1962ರಿಂದ ಅದು ಕೇಂದ್ರ ಸರಕಾರದ ಅಣುಶಕ್ತಿ ಇಲಾಖೆಯ ಆಡಳಿತದಲ್ಲಿದೆ. ಹಲ್ಲಿನ ತಪಾಸಣೆಗೆ ಮುಂಬಯಿ ಸೆಂಟ್ರಲ್ಲಿನ ಹತ್ತಿರ ನಾಯರ್ ದಂತವೈದ್ಯ ಕಾಲೇಜಿದೆ. ಇ.ಎಸ್.ಐ. ಕಾರ್ಡು ಇದ್ದವರು ತಮ್ಮ ದವಾಖಾನೆಯ ಡಾಕ್ಟರರಿಂದಲೇ ಚೀಟಿ ಬರೆಸಿಕೊಳ್ಳಬಹುದು. ಹೋಗುವಾಗ ಹಳೆಯ ಕಾಗದಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿರಿ: ಆಪರೇಶನ್ ಚೀಟಿ, ಚೂರಿನ ವರದಿ, ಕೊಟ್ಟ ಸೂಜಿಗಳ ಹೆಸರು. ಆ ಕಾಗದಗಳು ಊರಿನ ಮನೆಯ ಅಟ್ಟದ ಮೇಲಿದ್ದರೆ ಇಂದೇ ಫೋನು ಮಾಡಿ, ಅವುಗಳ ಫೋಟೋ ತೆಗೆದು ಕಳಿಸಲು ಹೇಳಿರಿ. ಅದೂ ನಡೆಯುತ್ತದೆ.

ಪ್ರಶ್ನೆಗಳಿದ್ದವರು ಈಗ ಕೇಳಬಹುದು. ಎಲ್ಲರೆದುರು ಕೇಳಲು ಸಂಕೋಚಪಡುವವರಿಗಾಗಿ ಸಭೆ ಮುಗಿದ ಮೇಲೆ ವಾಚನಾಲಯದ ಕೋಣೆಯಲ್ಲಿ ಒಂದು ಗಂಟೆ ಕುಳಿತಿರುತ್ತೇವೆ.